ಅವರಿಗೆ ಕೊಟ್ಟ ರೇಟು

ಶೋರೂಮಿನಲ್ಲಿ ಕುರ್ಚಿ ಇಬ್ಬರಿಗೂ ಕೊಟ್ಟರು, ಬೆಲೆಯನ್ನು ಮಾತ್ರ ಅಪ್ಪನಿಗೆ ಹೇಳಿದರು. ಕಾರು ಕೊಳ್ಳುವವಳು ನಾನು, ಓಡಿಸುವವಳು ನಾನು, ಸಂಬಳದಲ್ಲಿ ಕಂತು ಕಟ್ಟುವವಳೂ ನಾನೇ. ಆದರೂ ಟೈ ಕಟ್ಟಿಕೊಂಡಿದ್ದ ಸೇಲ್ಸ್‌ನವನು ತನ್ನ ಕುರ್ಚಿಯನ್ನು ಅಪ್ಪನ ಕಡೆಗೆ ತಿರುಗಿಸಿಕೊಂಡು, ಯಜಮಾನ್ರೇ, ಮೈಲೇಜಿನ ಯೋಚನೆಯೇ ಬೇಡ ಎಂದು ಶುರು ಮಾಡಿದ. ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಬಾಣಾವರದ ಕಡೆಯ ಹಳಿ ನೋಡಿಕೊಂಡು ನಿವೃತ್ತನಾದವನು. ಸೈಕಲ್ ಬಿಟ್ಟರೆ ಬೇರೆ ಯಾವ ವಾಹನದ ಹ್ಯಾಂಡಲ್ಲನ್ನೂ ಹಿಡಿದವನಲ್ಲ. ಸೇಲ್ಸ್‌ನವನು ಹೇಳಿದ್ದಕ್ಕೆಲ್ಲ ಅಪ್ಪ ಹೂಂ ಹೂಂ ಎಂದು ತಲೆಯಾಡಿಸುತ್ತ ಕೂತಿದ್ದ.

ಇದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲಿನ ಮಾತು. ಅಲ್ಲಿಯವರೆಗೆ ನಮ್ಮ ಕಡೆ ಹೊಸ ಕಾರು ಬೇಕೆಂದರೆ ಹಾಸನಕ್ಕೋ ತುಮಕೂರಿಗೋ ಹೋಗಬೇಕಿತ್ತು. ಆ ವರ್ಷ ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲೇ ಗಾಜಿನ ಗೋಡೆಯ ಶೋರೂಮೊಂದು ಬಾಗಿಲು ತೆರೆದಿತ್ತು. ಬಸ್ಸಿಗೆ ಕಾಯುವವರು ಗಾಜಿಗೆ ಮುಖ ಒತ್ತಿ ಒಳಗಿನ ಕಾರುಗಳನ್ನು ನೋಡಿ ಹೋಗುತ್ತಿದ್ದರು.

ನಾನಾಗ ಹಳೇಬೀಡಿನಲ್ಲಿ ಪಶುವೈದ್ಯೆ. ಜನರ ಬಾಯಲ್ಲಿ ದನದ ಡಾಕ್ಟ್ರಮ್ಮ. ನನ್ನ ಗಂಡ ಬೇಲೂರಿನಲ್ಲಿ ಕಾಲೇಜು ಮೇಷ್ಟ್ರಾಗಿದ್ದುದರಿಂದ ಅಲ್ಲೇ ಮನೆ ಮಾಡಿದ್ದೆವು. ಬೇಲೂರಿನಿಂದ ಹಳೇಬೀಡಿಗೆ, ಅಲ್ಲಿಂದ ಮಾದಿಹಳ್ಳಿಗೆ, ಹಗರೆ ಕಡೆಯ ಹಳ್ಳಿಗಳಿಗೆ, ಎಲ್ಲ ಕಡೆಗೂ ಮೊಪೆಡ್ಡಿನಲ್ಲೇ ನನ್ನ ಓಡಾಟ. ಮುಂದೆ ಕಾಲಿಡುವ ಜಾಗದಲ್ಲಿ ಹೋರಿ ವೀರ್ಯದ ಕಡ್ಡಿಗಳನ್ನು ಕೆಡದಂತೆ ತಣ್ಣಗಿಡುವ ದ್ರವ ಸಾರಜನಕದ ಕ್ಯಾನು, ಹಿಂದೆ ಗಮ್‌ಬೂಟು, ಹ್ಯಾಂಡಲ್ಲಿಗೆ ನೇತುಹಾಕಿದ ಔಷಧದ ಚೀಲ. ಒಂದು ದಿನ ಮಾದಿಹಳ್ಳಿಯ ಹತ್ತಿರ ನಾಯಿ ಅಡ್ಡ ಬಂದು ಮೊಪೆಡ್ಡು ಮಗುಚಿತು. ಕ್ಯಾನು ಉರುಳಿ ಮುಚ್ಚಳ ತೆರೆದುಕೊಂಡು, ರಸ್ತೆಯ ಮೇಲೆಲ್ಲ ಬಿಳಿ ಹೊಗೆ. ಭತ್ತದ ಗದ್ದೆಯಲ್ಲಿದ್ದವರು ಗಾಡಿಗೆ ಬೆಂಕಿ ಬಿತ್ತೆಂದುಕೊಂಡು ಕೊಡದಲ್ಲಿ ನೀರು ತಂದು ನನ್ನ ತಲೆಯ ಮೇಲೆ ಸುರಿದರು. ಮೈ ಒರೆಸಿಕೊಳ್ಳುತ್ತಲೇ ನಿರ್ಧಾರ ಮಾಡಿದೆ. ಸಾಕು, ನಾಲ್ಕು ಚಕ್ರದ್ದು ಬೇಕು. ಚಿಕ್ಕದೇ ಸಾಕು, ಓಣಿಯಲ್ಲಿ ತಿರುಗಬೇಕು, ಹಿಂದಿನ ಬಾಗಿಲು ತೆರೆದರೆ ಕ್ಯಾನು ಹಿಡಿಸಬೇಕು.

ಗಂಡ ಒಂದೇ ಮಾತಿನಲ್ಲಿ ಮುಗಿಸಿದರು. ತಗೋ, ಓಡಿಸು, ನಾನು ಪಕ್ಕದಲ್ಲಿ ಕೂತ್ಕೋತೀನಿ ಎಂದರು. ವಾಹನ ಓಡಿಸುವುದೆಂದರೆ ಅವರಿಗೆ ಮೊದಲಿನಿಂದಲೂ ಭಯ. ನಾನು ಭಾನುವಾರಗಳಲ್ಲಿ ಹಾಸನಕ್ಕೆ ಹೋಗಿ ಡ್ರೈವಿಂಗ್ ಕಲಿತೆ, ಲೈಸೆನ್ಸ್ ಮಾಡಿಸಿದೆ, ಬ್ಯಾಂಕಿನಲ್ಲಿ ಸಾಲಕ್ಕೆ ಮಾತಾಡಿದೆ. ಕಾರು ಮಾತ್ರ ಅರಸೀಕೆರೆಯಲ್ಲೇ ಕೊಳ್ಳಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಅದು ನಾನು ಹುಟ್ಟಿದ ಊರು. ರೈಲ್ವೆ ಗೇಟಿನಾಚೆ ನಮ್ಮ ಕೇರಿ. ಅಪ್ಪ ಅವ್ವ ಈಗಲೂ ಅಲ್ಲೇ ಇದ್ದರು, ತಮ್ಮನ ಸಂಸಾರದ ಜೊತೆ. ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿ ಕಾರು ಕೊಂಡು ಅದೇ ಬೀದಿಯಲ್ಲಿ ನಿಲ್ಲಿಸಬೇಕು ಎಂಬ ಆಸೆ.

ಸೇಲ್ಸ್‌ನವನು ಕೊನೆಗೆ ಹಾಳೆಯೊಂದರ ಮೇಲೆ ಬೆಲೆ ಬರೆದು ಅದನ್ನೂ ಅಪ್ಪನ ಮುಂದೆಯೇ ಇಟ್ಟ. ನಾನು ಕೈಚಾಚಿ ನನ್ನ ಕಡೆ ಎಳೆದುಕೊಂಡೆ. ಕಾರಿನ ಬೆಲೆ, ತೆರಿಗೆ, ರಿಜಿಸ್ಟ್ರೇಶನ್, ಇವೆಲ್ಲ ಸರಿ. ಅವುಗಳ ಕೆಳಗೆ ಇನ್ನೊಂದು ಸಂಸಾರವೇ ಇತ್ತು. ಸೀಟ್ ಕವರು, ಮ್ಯಾಟು, ಬಣ್ಣಕ್ಕೆ ಹೊಳಪು, ಪೂಜೆ ಸಾಮಾನು, ಹ್ಯಾಂಡ್ಲಿಂಗ್ ಚಾರ್ಜು. ಇನ್ಶೂರೆನ್ಸನ್ನೂ ಅವರು ಹೇಳಿದವರ ಹತ್ತಿರವೇ ಮಾಡಿಸಬೇಕಂತೆ, ಅದು ನಾನು ವಿಚಾರಿಸಿಕೊಂಡು ಬಂದಿದ್ದಕ್ಕಿಂತ ಜಾಸ್ತಿ.

ಹ್ಯಾಂಡ್ಲಿಂಗ್ ಎಂದರೇನು ಎಂದು ಕೇಳಿದೆ. ಗೋಡೌನಿನಿಂದ ಇಲ್ಲಿಗೆ ಓಡಿಸಿಕೊಂಡು ಬಂದು ತೊಳೆದು ಕೊಡುತ್ತೇವೆ ಎಂದ. ನಾನೇ ಗೋಡೌನಿಗೆ ಬರುತ್ತೇನೆ, ತೊಳೆಯುವುದೂ ನನಗೆ ಗೊತ್ತು, ದಿನಾ ದನದ ಕೊಟ್ಟಿಗೆಯಲ್ಲಿ ಕೆಲಸ ಮಾಡುವವಳು ಎಂದೆ. ಅವನು ನಕ್ಕು, ಇದೆಲ್ಲ ಎಲ್ಲರಿಗೂ ಇರುವುದೇ ಮೇಡಂ, ಕಂಪನಿ ರೂಲು ಎಂದ. ಅರ್ಜಿ ತುಂಬಲು ಅರಸೀಕೆರೆಯ ವಿಳಾಸ ಕೇಳಿದ. ಅಪ್ಪ ಕೇರಿಯ ಹೆಸರು ಹೇಳಿದ. ನಮ್ಮ ಊರಿನಲ್ಲಿ ಕೇರಿಯ ಹೆಸರು ಹೇಳಿದರೆ ಜಾತಿ ಬೇರೆಯಾಗಿ ಹೇಳಬೇಕಾಗಿಲ್ಲ. ಅವನ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಬಹಳ ಸಲಿಗೆಯಿಂದ ಹೇಳಿದ.

"ನಿಮಗೇನ್ ಮೇಡಂ, ಎಲ್ಲದಕ್ಕೂ ಸರ್ಕಾರದ ಸಬ್ಸಿಡಿ ಬರುತ್ತಲ್ಲ. ಇಷ್ಟಕ್ಕೆಲ್ಲ ಯಾಕೆ ಲೆಕ್ಕ ಹಾಕ್ತೀರಿ?"

ಸರ್ಕಾರ ನನಗೆ ಕಾರಿಗೆಂದು ಒಂದು ಬಿಡಿಗಾಸೂ ಕೊಡುವುದಿಲ್ಲ. ರಾತ್ರಿ ಹೊತ್ತು ಹಸುವಿನ ಗರ್ಭದಲ್ಲಿ ಭುಜದವರೆಗೆ ಕೈ ಹಾಕಿ ಕರು ಎಳೆದು ಸಂಪಾದಿಸಿದ ಸಂಬಳ ಅದು. ಹಾಗೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿ ಅಪ್ಪ ಅಂಗಿಯ ಒಳಜೇಬಿಗೆ ಕೈ ಹಾಕಿದ್ದು ಕಾಣಿಸಿತು. ಅಡ್ವಾನ್ಸ್ ಕೊಡಲು ತನ್ನ ಪೆನ್ಶನ್ನಿನ ದುಡ್ಡು ತಂದಿದ್ದ. ನನಗೆ ಹೇಳಿರಲೇ ಇಲ್ಲ. ನಾನು ಅವನ ಕೈ ಹಿಡಿದುಕೊಂಡು, ಏಳಪ್ಪ ಎಂದೆ. ಹೊರಗೆ ಬಂದೆವು.

ರಸ್ತೆಗೆ ಬಂದ ಮೇಲೆ ಅಪ್ಪನಿಗೆ ಸಿಟ್ಟು ಬಂತು. ಕಾರು ತರುತ್ತೇವೆಂದು ಕೇರಿಯವರಿಗೆಲ್ಲ ಹೇಳಿಬಿಟ್ಟಿದ್ದ. ಸಿಟ್ಟೆಂದರೂ ಅವನದು ಜೋರು ಮಾತಲ್ಲ, ಮುಂದೆ ಮುಂದೆ ನಡೆಯುತ್ತಾನೆ ಅಷ್ಟೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂರಿಸಿ ಟೀ ತರಿಸಿದೆ. ಅಲ್ಲಪ್ಪ, ಅಷ್ಟೊಂದು ಹೇಳಿದಾಗ ಒಂದು ಮಾತಾದರೂ ಕಮ್ಮಿ ಮಾಡಿ ಅಂತ ಕೇಳಬಾರದಾ ಎಂದೆ.

ಅಪ್ಪ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಚೌಕಾಸಿ ಮಾಡಾಕೆ ಅಂಗಡಿ ಒಳೀಕೆ ಹೋಗ್ಬೇಕಲ್ಲವ್ವ," ಎಂದ. "ನಾವು ಹೊರ್ಗೇ ನಿಂತಿರ್ತಿದ್ವಿ. ಅವ್ರು ಎಷ್ಟಂದ್ರೆ ಅಷ್ಟು. ಕೊಟ್ಟು ಬತ್ತಿದ್ವಿ. ನಂಗೆ ಕೇಳಾದು ಅಭ್ಯಾಸಿಲ್ಲ."

ನಾನು ಚಿಕ್ಕವಳಾಗಿದ್ದಾಗ ಅಪ್ಪ ಸಾಮಾನು ತರಲು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಅಂಗಡಿಯ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದೆವು. ಮೆಟ್ಟಿಲ ಮೇಲೆ ನಿಂತವರು, ಒಳಗೆ ಗೋಣಿಯ ಮೇಲೆ ಕೂತವರು, ಬೇಳೆಯನ್ನು ಅಂಗೈಯಲ್ಲಿ ಹರಡಿಕೊಂಡು ಇದು ಹಳೇದು, ಇದಕ್ಕೆ ಇಷ್ಟಾ ಎಂದು ನಗುತ್ತ ಜಗಳವಾಡುತ್ತಿದ್ದರು. ನಮ್ಮ ಪೊಟ್ಟಣ ಮಾತ್ರ ಕಟ್ಟಿಯೇ ಬರುತ್ತಿತ್ತು. ಅಪ್ಪ ಅದನ್ನು ಬಿಚ್ಚಿ ನೋಡುತ್ತಿದ್ದುದು ಮನೆಗೆ ಬಂದ ಮೇಲೆಯೇ. ಅಪ್ಪನಿಗೆ ದುಡ್ಡಿನ ಬೆಲೆ ಗೊತ್ತಿಲ್ಲ, ಧಾರಾಳಿ ಎಂದು ಅವ್ವ ಬೈಯುತ್ತಿದ್ದಳು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಬೆಲೆ ಕೇಳುವುದಕ್ಕೂ ಒಂದು ಜಾಗ ಬೇಕು, ಆ ಜಾಗವನ್ನು ಅವನಿಗೆ ಯಾರೂ ಬಿಟ್ಟುಕೊಟ್ಟಿರಲಿಲ್ಲ ಎಂಬುದು ಆ ಹೋಟೆಲಿನ ಕಲ್ಲಿನ ಮೇಜಿನ ಮುಂದೆ ಕೂತಾಗ ತಿಳಿಯಿತು. ಅದೇ ಕಾರನ್ನು ಅದೇ ಶೋರೂಮಿನಲ್ಲೇ ಸರಿಯಾದ ಬೆಲೆಗೇ ಕೊಳ್ಳುತ್ತೇನೆ ಎಂದು ಹಟ ಹಿಡಿದದ್ದು ಆವಾಗಲೇ. ಹಾಸನಕ್ಕೆ ಹೋಗಿ ತಂದಿದ್ದರೆ ಕೆಲಸ ಸುಲಭವಾಗಿ ಆಗುತ್ತಿತ್ತು. ನನಗೆ ಸುಲಭ ಬೇಕಿರಲಿಲ್ಲ.

ಮುಂದಿನ ವಾರ ಹಗರೆಯ ಹತ್ತಿರದ ತೋಟದ ಮನೆಯಿಂದ ಕರೆ ಬಂತು. ತೆಂಗಿನಕಾಯಿ, ಕೊಬ್ಬರಿ ವ್ಯಾಪಾರದ ದೊಡ್ಡ ಕುಳ ಅವರು. ಹಣೆಗೆ ವಿಭೂತಿ ಹಚ್ಚದೆ ಹೊರಗೆ ಕಾಲಿಡದವರು, ಅರಸೀಕೆರೆಯ ವರ್ತಕರಲ್ಲೂ ಮಠದಲ್ಲೂ ಅವರ ಮಾತಿಗೆ ತೂಕವಿತ್ತು. ಅವರ ಹಸು ಕರು ಹಾಕಿದ ಮಾರನೆಯ ದಿನವೇ ನೆಲ ಹಿಡಿದಿತ್ತು. ಕತ್ತನ್ನು ಪಕ್ಕೆಗೆ ಮಡಿಚಿಕೊಂಡು ಮಲಗಿತ್ತು, ಕಿವಿ ಮುಟ್ಟಿದರೆ ಮಂಜಿನಂತೆ ತಣ್ಣಗೆ. ಹಾಲುಜ್ವರ. ಹೆಸರಿಗಷ್ಟೇ ಜ್ವರ, ಮೈಯಲ್ಲಿ ಸುಣ್ಣದಂಶ ಕಡಿಮೆಯಾಗಿ ಹಸು ತಣ್ಣಗಾಗಿಬಿಡುತ್ತದೆ. ಕತ್ತಿನ ನರಕ್ಕೆ ಸೂಜಿ ಹಾಕಿ ಕ್ಯಾಲ್ಸಿಯಂ ಬಾಟಲಿಯನ್ನು ಯಜಮಾನರ ಕೈಗೇ ಕೊಟ್ಟು ಎತ್ತಿ ಹಿಡಿಯಲು ಹೇಳಿದೆ. ಅದು ನಿಧಾನವಾಗಿ ಇಳಿಯಬೇಕು, ಅವಸರ ಮಾಡಿದರೆ ಹಸುವಿನ ಎದೆಬಡಿತ ನಿಲ್ಲುತ್ತದೆ. ಹಾಗಾಗಿ ನಮ್ಮಿಬ್ಬರಿಗೂ ಬೇರೆ ಕೆಲಸವಿಲ್ಲ, ನಿಂತು ಮಾತಾಡುವುದೇ.

ಕೊಟ್ಟಿಗೆಯ ಎದುರಿಗೆ ಅವರ ಹೊಸ ಕಾರು ನಿಂತಿತ್ತು. ನಾನು ನೋಡಿ ಬಂದ ಅದೇ ಚಿಕ್ಕ ಕಾರು, ಅದೇ ಶೋರೂಮಿನ ಸ್ಟಿಕ್ಕರು. ಸೊಸೆಗೆಂದು ತಂದದ್ದಂತೆ. ಎಷ್ಟಕ್ಕೆ ಬಿತ್ತು ಎಂದು ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಸೀಟ್ ಕವರು, ಮ್ಯಾಟು ಪುಕ್ಕಟೆ. ಹ್ಯಾಂಡ್ಲಿಂಗ್ ಎಂಬ ಮಾತೇ ಬಂದಿರಲಿಲ್ಲ. ಇನ್ಶೂರೆನ್ಸನ್ನು ತಮಗೆ ಗೊತ್ತಿದ್ದವರ ಹತ್ತಿರ ಮಾಡಿಸಿದ್ದರು. ಶೋರೂಮಿನವರು ಕಾರಿನ ಬೆಲೆಯಲ್ಲೂ ಒಂದಿಷ್ಟು ಬಿಟ್ಟಿದ್ದರು. ನನಗೆ ಹೇಳಿದ್ದಕ್ಕೂ ಅವರು ಕೊಟ್ಟಿದ್ದಕ್ಕೂ ನನ್ನ ಎರಡು ತಿಂಗಳ ಸಂಬಳದಷ್ಟು ಅಂತರ.

ನನ್ನ ಮುಖ ನೋಡಿ ಅವರಿಗೆ ವಿಷಯ ಹೊಳೆಯಿತು. ಅವರು ಕೆಟ್ಟವರಲ್ಲ. ಬಾಟಲಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ದನಿ ತಗ್ಗಿಸಿದರು.

"ಓನರ್ರು ನಮ್ಮೋರೇ ಡಾಕ್ಟ್ರಮ್ಮ. ನಾನೊಂದು ಮಾತು ಫೋನ್ ಮಾಡ್ತೀನಿ, ನಿಮ್ಗೂ ಅದೇ ರೇಟಿಗೆ ಕೊಡ್ತಾರೆ."

"ಬೇಡಿ," ಎಂದೆ. "ನಿಮ್ಮ ಮಾತಿನ ಮೇಲೆ ಕೊಟ್ರೆ ಅದು ನಿಮ್ಮ ರೇಟೇ ಆಗುತ್ತೆ. ನಂಗೆ ನನ್ನ ರೇಟು ಬೇಕು."

ಅವರಿಗೆ ಅದು ಅರ್ಥವಾಯಿತೋ ಇಲ್ಲವೋ ತಿಳಿಯದು. ತಮ್ಮ ಹೆಸರು ಮಾತ್ರ ಎಲ್ಲೂ ಎತ್ತಬೇಡಿ, ದಿನಾ ಮುಖ ನೋಡುವವರು ಎಂದರು. ಎತ್ತುವುದಿಲ್ಲ ಎಂದು ಮಾತು ಕೊಟ್ಟೆ. ಬಾಟಲಿ ಮುಗಿಯುವ ಹೊತ್ತಿಗೆ ಹಸು ಜೋರಾಗಿ ಡರ್ರನೆ ತೇಗಿ, ಸಗಣಿ ಹಾಕಿ, ಮುಂಗಾಲೂರಿ ಎದ್ದು ನಿಂತಿತು. ಆವತ್ತು ನನಗೆ ಯಾವತ್ತಿಗಿಂತ ಹೆಚ್ಚು ಧೈರ್ಯ ಬಂದಿತ್ತು.

ಎರಡನೆಯ ಸಲ ಹೊರಟಾಗ ಅಪ್ಪ ಬರಲು ಒಪ್ಪಲಿಲ್ಲ. ನೀನೇ ಹೋಗು, ನನ್ನನ್ನು ಕಂಡರೆ ರೇಟು ಏರಿಸುತ್ತಾರೆ ಎಂದ. ಅದಕ್ಕೇ ಬಾ ಎಂದೆ. ಅವ್ವ ಅವನ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿ ಇಟ್ಟಿದ್ದಳು. ಹಾಕಿಕೊಂಡು ಬಂದ.

ಈ ಸಲ ನಾನು ಕುರ್ಚಿಯಲ್ಲಿ ಕೂರಲಿಲ್ಲ. ನನಗೆ ಕೊಡುವ ಕಾರು ಯಾವುದು, ಅದನ್ನೇ ತೋರಿಸಿ ಎಂದೆ. ಸೇಲ್ಸ್‌ನವನು ಮನಸ್ಸಿಲ್ಲದ ಮನಸ್ಸಿನಿಂದ ಹಿಂದಿನ ಅಂಗಳಕ್ಕೆ ಕರೆದೊಯ್ದ. ಬಿಸಿಲಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಗಾಜಿನ ಸುತ್ತಲಿನ ರಬ್ಬರು ಬೆಳ್ಳಗೆ ಬಿಳಿಚಿತ್ತು, ಟೈರುಗಳು ನಿಂತಲ್ಲೇ ನಿಂತು ಕೆಳಗೆ ಚಪ್ಪಟೆಯಾಗಿದ್ದವು. ನಾನು ದನದ ಸಂತೆಗಳಲ್ಲಿ ತಿರುಗಿದವಳು. ಮುದಿ ಎತ್ತಿನ ಕೊಂಬು ಹೆರೆದು ಎಣ್ಣೆ ಹಚ್ಚಿ ಪ್ರಾಯದ್ದೆಂದು ಮಾರುವವರನ್ನು ಬೇಕಾದಷ್ಟು ನೋಡಿದ್ದೇನೆ. ಈ ಕಾರು ತಯಾರಾದ ತಿಂಗಳು ಯಾವುದು, ಕಾಗದ ತೋರಿಸಿ ಎಂದೆ. ಹೊಸ ಸ್ಟಾಕೇ ಮೇಡಂ ಎಂದ. ಕಾಗದ ತೋರಿಸಿ ಎಂದು ಮತ್ತೆ ಹೇಳಿದೆ. ತರುತ್ತೇನೆಂದು ಒಳಗೆ ಹೋದವನು ವಾಪಸು ಬರಲಿಲ್ಲ.

ನಾವೇ ಒಳಗೆ ಹೋದೆವು. ಆಗ ಮಾಲೀಕರು ತಮ್ಮ ಕೋಣೆಯಿಂದ ಹೊರಬಂದರು. ಬಿಳಿ ಸಫಾರಿ, ಮೆದುಮಾತು. ಒಳಗೆ ಬನ್ನಿ ಮೇಡಂ, ಎಸಿಯಲ್ಲಿ ಕೂತು ಮಾತಾಡೋಣ ಎಂದು ಕರೆದರು. ದನದ ಸಂತೆಯಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ, ಪಕ್ಕದಲ್ಲಿ ನಿಂತವನಿಗೂ ರೇಟು ತಿಳಿಯಬಾರದು ಎಂದು. ನನಗೆ ಆ ವ್ಯಾಪಾರ ಬೇಡವಾಗಿತ್ತು. ಇಲ್ಲೇ ಗಾಳಿ ಚೆನ್ನಾಗಿದೆ ಎಂದು ಹೇಳಿ, ಕಾರು ನೋಡಲು ಬಂದಿದ್ದ ಇನ್ನೊಂದು ಸಂಸಾರದ ಪಕ್ಕದಲ್ಲೇ ಕೂತೆ. ಅಪ್ಪ ನನ್ನ ಪಕ್ಕದಲ್ಲಿ ಕೂತ.

ನಾನು ದನಿ ಏರಿಸಲಿಲ್ಲ. ಬಿಸಿಲಲ್ಲಿ ಒಣಗಿದ ಕಾರು ನನಗೆ ಬೇಡ, ಈ ವರ್ಷ ತಯಾರಾದದ್ದೇ ಬೇಕು ಎಂದೆ. ಹೋದ ತಿಂಗಳು ನೀವು ಇದೇ ಕಾರನ್ನು ಎಷ್ಟಕ್ಕೆ ಕೊಟ್ಟಿದ್ದೀರೆಂದು ನನಗೆ ಗೊತ್ತು ಎಂದು ಆ ಮೊತ್ತವನ್ನು ಹೇಳಿದೆ. ಪಕ್ಕದಲ್ಲಿದ್ದ ಗಂಡ ಹೆಂಡತಿ ತಮ್ಮ ಕೈಯಲ್ಲಿದ್ದ ಹಾಳೆಯನ್ನು ನೋಡಿಕೊಂಡರು. ಮಾಲೀಕರು ಮೊದಲು ಹಾಗೆ ಯಾರಿಗೂ ಕೊಟ್ಟೇ ಇಲ್ಲವೆಂದರು. ಯಾರು ಹೇಳಿದರು, ಹೆಸರು ಹೇಳಿ ಎಂದರು. ಹೆಸರು ಬೇಡ, ರೇಟು ಸುಳ್ಳಾಗಿದ್ದರೆ ಸುಳ್ಳೆನ್ನಿ ಸಾಕು ಎಂದೆ. ಅವರು ಸುಳ್ಳೆನ್ನಲಿಲ್ಲ. ಬೇರೆ ದಾರಿ ಹಿಡಿದರು.

"ಒಂದಿಬ್ರಿಗೆ ಹಾಗೆ ಆಗಿರುತ್ತೆ ಮೇಡಂ. ಅವರೆಲ್ಲ ಪರಿಚಯದವರು."

"ಪರಿಚಯ ಆಗೋಕೆ ಎಷ್ಟು ಕೊಡ್ಬೇಕು ಸಾರ್?" ಎಂದು ಕೇಳಿದೆ. "ನಾನು ಹುಟ್ಟಿದ್ದು ಇದೇ ಊರಲ್ಲಿ. ನಮ್ಮಪ್ಪ ನಿಮ್ಮೂರಿನ ರೈಲು ಹಳಿ ತಪ್ಪದ ಹಾಗೆ ಜೀವಮಾನ ಪೂರ್ತಿ ನೋಡ್ಕೊಂಡಿದ್ದಾರೆ. ಪರಿಚಯ ಆಗಿಲ್ವಾ ಇನ್ನೂ?"

ಅವರ ಮುಖ ಕೆಂಪಾಯಿತು. ಸೀಟ್ ಕವರು ಬಿಟ್ಟುಕೊಡುತ್ತೇನೆ ಎಂದರು. ನಾನು ಸುಮ್ಮನಿದ್ದೆ. ಮ್ಯಾಟು ಎಂದರು. ಅದಕ್ಕೂ ಸುಮ್ಮನಿದ್ದೆ. ಹಾಗಾದರೆ ನೀವು ಹಾಸನದಲ್ಲೇ ತೆಗೆದುಕೊಳ್ಳಿ, ನಮಗೆ ಗಿಟ್ಟುವುದಿಲ್ಲ ಎಂದು ಎದ್ದು ಹೋದರು. ನಾವು ಏಳಲಿಲ್ಲ. ಹೋದರೆ ಅವರಿಗೆ ಹಾಯೆನಿಸುತ್ತಿತ್ತು. ಗಿರಾಕಿಗಳು ಬಂದರು, ಹೋದರು. ನಮ್ಮನ್ನು ದಾಟಿಕೊಂಡೇ ಎಲ್ಲರೂ ಕಾರು ನೋಡಬೇಕಿತ್ತು. ಒಬ್ಬರು ಇನ್ನೊಬ್ಬರನ್ನು ಕೇಳಿ, ಅವರು ಇವರನ್ನು ಕೇಳಿ, ಹೊಸದಾಗಿ ಬಂದವರೆಲ್ಲ ಮೊದಲು ನನ್ನ ಹತ್ತಿರ ಬಂದು ಎಷ್ಟು ಹೇಳಿದರು ಎಂದು ವಿಚಾರಿಸತೊಡಗಿದರು. ನಾನು ಎರಡೂ ರೇಟುಗಳನ್ನು ಹೇಳುತ್ತಿದ್ದೆ, ನನಗೆ ಹೇಳಿದ್ದು ಇಷ್ಟು, ಬೇರೆಯವರಿಗೆ ಕೊಟ್ಟದ್ದು ಇಷ್ಟು. ಅಪ್ಪನಿಗೆ ಮೊದಮೊದಲು ಮೈಯೆಲ್ಲ ಹಿಡಿಯಾಗಿತ್ತು. ಎಲ್ಲಿ ಯಾರು ಎದ್ದು ಹೋಗಿ ಎಂದುಬಿಡುತ್ತಾರೋ ಎಂದು ಬಾಗಿಲನ್ನೇ ನೋಡುತ್ತಿದ್ದ. ಮಧ್ಯಾಹ್ನವಾಗುತ್ತ ಬೆನ್ನನ್ನು ಕುರ್ಚಿಗೆ ಒರಗಿಸಿಕೊಂಡ. ಆಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡ. ಅಪ್ಪ ಹೊರಗಿನವರ ಎದುರಿಗೆ ಹಾಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಊಟದ ಹೊತ್ತಿನ ಮೇಲೆ ಮಾಲೀಕರು ಮತ್ತೆ ಬಂದರು. ಈ ಸಲ ನನ್ನನ್ನು ಬಿಟ್ಟು ಅಪ್ಪನ ಮುಂದೆ ನಿಂತರು. ಹಿರಿಯರು, ನೀವಾದರೂ ಮಗಳಿಗೆ ಬುದ್ಧಿ ಹೇಳಿ ಎಂದು ನಯವಾಗಿ ಕೇಳಿದರು.

ಅಪ್ಪ ಕಾಲು ಕೆಳಗಿಳಿಸಲಿಲ್ಲ.

"ಕಾರು ಅವಳ್ದು ಸಾಮಿ. ರೇಟೂ ಅವಳ್ದೇ," ಎಂದ. "ನಾನು ಬಂದಿರಾದು ಕೂರಾಕೆ."

ಮಾಲೀಕರು ಸೇಲ್ಸ್‌ನವನನ್ನು ಕರೆದರು. ಹೊಸ ಹಾಳೆ ಬಂತು. ಹ್ಯಾಂಡ್ಲಿಂಗ್ ಇರಲಿಲ್ಲ. ಸೀಟ್ ಕವರು, ಮ್ಯಾಟಿನ ಎದುರಿಗೆ ಸೊನ್ನೆ. ಇನ್ಶೂರೆನ್ಸ್ ನನಗೆ ಬೇಕಾದ ಕಡೆ. ಕಾರಿನ ಬೆಲೆ, ಅವರಿಗೆ ಕೊಟ್ಟ ರೇಟು. ಪೂಜೆ ಸಾಮಾನು ಮಾತ್ರ ಹಾಗೇ ಉಳಿದಿತ್ತು. ಅದನ್ನೂ ಹೊಡೆದುಹಾಕಿ ಎಂದೆ. ನಮ್ಮ ಮನೆಯಲ್ಲಿ ಬುದ್ಧನ ಪಟ ಇರುವುದು, ಚಕ್ರದ ಕೆಳಗೆ ನಿಂಬೆಹಣ್ಣಿಡುವ ಪದ್ಧತಿ ಅಪ್ಪನ ಕಾಲಕ್ಕೇ ನಿಂತುಹೋಗಿದೆ ಎಂದೆ. ಅದನ್ನೂ ಹೊಡೆದರು. ಅಡ್ವಾನ್ಸನ್ನು ನಾನು ಚೆಕ್ಕಿನಲ್ಲಿ ಕೊಟ್ಟೆ. ಬಾಗಿಲವರೆಗೆ ಬಂದು ಮಾಲೀಕರು ಮೆಲ್ಲಗೆ, ಈ ರೇಟು ನಮ್ಮ ನಮ್ಮಲ್ಲೇ ಇರಲಿ ಮೇಡಂ, ದಯವಿಟ್ಟು ಯಾರಿಗೂ ಹೇಳಬೇಡಿ ಎಂದರು. ನಾನು ನಮಸ್ಕಾರ ಮಾಡಿದೆ. ಆಗಲಿ ಎನ್ನಲಿಲ್ಲ.

ಕಾರು ಬಂದಿದೆ ಎಂದು ಫೋನ್ ಬಂದ ದಿನ ನಾನು, ಅಪ್ಪ, ಅವ್ವ ಮೂವರೂ ಹೋದೆವು. ಶೋರೂಮಿನ ಮುಂದೆ ರಿಬ್ಬನ್ನು ಕಟ್ಟಿದ ಬೇರೆಯವರ ಕಾರು ನಿಂತಿತ್ತು. ಪುರೋಹಿತರು ತೆಂಗಿನಕಾಯಿ ಒಡೆಯುತ್ತಿದ್ದರು, ಹುಡುಗಿಯೊಬ್ಬಳು ಎಲ್ಲರಿಗೂ ಪೇಡ ಹಂಚುತ್ತಿದ್ದಳು. ಸೇಲ್ಸ್‌ನವನು ನಮ್ಮನ್ನು ಪಕ್ಕದ ಓಣಿಯಿಂದ ಹಿಂದಕ್ಕೆ ಕರೆದೊಯ್ದ. ಸರ್ವೀಸ್ ಶೆಡ್ಡಿನ ಬಾಗಿಲಲ್ಲಿ, ಎಣ್ಣೆಯ ಡಬ್ಬಗಳ ನಡುವೆ ನನ್ನ ಕಾರು ನಿಂತಿತ್ತು. ಹಿಂದಿನ ಗೇಟು ತೆರೆದಿಟ್ಟಿದ್ದರು, ಹಾಗೇ ಹೊರಟುಹೋಗಲಿ ಎಂದು. ಅವನು ಬೀಗದ ಕೈ ಚಾಚಿದ. ಅವ್ವ ತೆಗೆದುಕೊಳ್ಳಲು ಕೈ ಮುಂದೆ ಮಾಡಿದಳು. ಅವಳಿಗೆ ಹೊಸ ಕಾರು ಕಂಡದ್ದೇ ಸಂತೋಷ, ಮುಂದೇನು ಹಿಂದೇನು.

ಕಾರನ್ನು ಮುಂದಕ್ಕೆ ತನ್ನಿ ಎಂದೆ. ಮುಂದೆ ಪೂಜೆ ನಡೆಯುತ್ತಿದೆ, ಮೇಲಾಗಿ ನೀವೇ ಪೂಜೆ ಬೇಡವೆಂದು ತೆಗೆಸಿದ್ದೀರಲ್ಲ ಎಂದ.

"ಪೂಜೆ ಬೇಡ ಅಂದೆ," ಎಂದೆ. "ಮುಂಬಾಗಿಲು ಬೇಡ ಅಂದಿಲ್ಲ."

ಅವನು ಒಳಗೆ ಹೋಗಿ ಕೇಳಿ ಬಂದ. ಇನ್ನೂ ಹೊತ್ತಾಗುತ್ತದೆ ಎಂದ. ಆಗಲಿ, ಕಾಯುತ್ತೇವೆ ಎಂದೆ. ಕಾಯುವುದರಲ್ಲಿ ನಮ್ಮನ್ನು ಮೀರಿಸುವವರು ಆ ಊರಿನಲ್ಲಿ ಯಾರಿದ್ದಾರೆ? ಶೋರೂಮಿನ ಮುಂದೆ ಹೋಗಿ ನಿಂತೆವು. ಪೂಜೆ ಮುಗಿಸಿದ ಮನೆಯವರು ಪೇಡ ಕೊಟ್ಟರು, ನಾವು ತಿಂದು ಅವರಿಗೆ ಒಳ್ಳೆಯದಾಗಲಿ ಎಂದೆವು. ಅವರ ಕಾರು ಹೋಯಿತು. ನನ್ನ ಕಾರು ಪಕ್ಕದ ಓಣಿಯಿಂದ ತಿರುಗಿಕೊಂಡು ಬಂದು ಅದೇ ಜಾಗದಲ್ಲಿ, ಒಡೆದ ಕಾಯಿಯ ನೀರು ಇನ್ನೂ ಆರದ ನೆಲದ ಮೇಲೆ ನಿಂತಿತು. ಬೀಗದ ಕೈಯನ್ನು ನನ್ನ ಕೈಗೆ ಕೊಡಲು ಬಂದವನಿಗೆ, ಅಪ್ಪನಿಗೆ ಕೊಡಿ ಎಂದೆ. ಬೆಲೆ ಹೇಳಬೇಕಾದಾಗ ನನಗೆ ಹೇಳಬೇಕಿತ್ತು, ಬೀಗದ ಕೈ ಕೊಡುವಾಗ ಅಪ್ಪನಿಗೆ ಕೊಡಬೇಕು. ಅವನು ತಬ್ಬಿಬ್ಬಾಗಿ ಅಪ್ಪನ ಕೈಗಿಟ್ಟ.

ನನ್ನ ಡ್ರೈವಿಂಗ್ ಆಗ ಅಷ್ಟಕ್ಕಷ್ಟೆ. ಶೋರೂಮಿನಿಂದ ಬಿ.ಎಚ್. ರಸ್ತೆಗೆ ಇಳಿಸುವಾಗಲೇ ಇಂಜಿನ್ನು ನಿಂತುಹೋಯಿತು. ಹಿಂದೆ ಲಾರಿಯವನು ಹಾರನ್ನು ಹೊಡೆದ. ಗಾಜಿನ ಹಿಂದೆ ಸೇಲ್ಸ್‌ನವನೂ ಮಾಲೀಕರೂ ನಿಂತು ನೋಡುತ್ತಿದ್ದರು. ಅಪ್ಪ ನೇರವಾಗಿ ಮುಂದೆಯೇ ನೋಡುತ್ತ, ನಿಧಾನಕ್ಕೆ ಮಾಡವ್ವ, ರಸ್ತೆ ಅವ್ರಪ್ಪಂದಲ್ಲ ಎಂದ. ಮತ್ತೆ ಸ್ಟಾರ್ಟ್ ಮಾಡಿ ರೈಲ್ವೆ ಗೇಟು ದಾಟಿಸಿ ನಮ್ಮ ಬೀದಿಯಲ್ಲಿ ನಿಲ್ಲಿಸಿದೆ. ಕೇರಿಯ ಮಕ್ಕಳೆಲ್ಲ ಹತ್ತಿ ಇಳಿದು ಸೀಟ್ ಕವರಿನ ಮೇಲೆ ಆವತ್ತೇ ಮಣ್ಣಾಯಿತು. ಹೆಂಗಸರು ಅವ್ವನನ್ನು ಎಷ್ಟಾಯ್ತಕ್ಕ ಎಂದು ಕೇಳಿದರು. ಅವ್ವನಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಅಲ್ಲಿಂದ ಶುರುವಾಯಿತು.

ಆಮೇಲೆ ನಾನು ಕೇಳಿದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ. ಮಾದಿಹಳ್ಳಿಯ ಹಾಲಿನ ಡೇರಿಯಲ್ಲಿ, ಬೇಲೂರಿನ ಬ್ಯಾಂಕಿನಲ್ಲಿ, ಹಳೇಬೀಡಿನಲ್ಲಿ ದೇವಸ್ಥಾನ ನೋಡಲು ಬಂದವರನ್ನು ಸುತ್ತಿಸುವ ಟ್ಯಾಕ್ಸಿಯವರಿಗೆ. ಮೊದಲು ಎಷ್ಟು ಹೇಳಿದರು, ಯಾವುದನ್ನು ಹೊಡೆದುಹಾಕಿಸಬೇಕು, ಯಾವ ಕಾಗದ ಕೇಳಬೇಕು, ಎಲ್ಲ. ಯಾರಾದರೂ ಸಂಕೋಚಪಟ್ಟರೆ ಬರೆದುಕೊಳ್ಳಿ ಎನ್ನುತ್ತಿದ್ದೆ. ಹಗರೆಯ ಯಜಮಾನರ ಹೆಸರು ಮಾತ್ರ ಎಲ್ಲೂ ಎತ್ತಲಿಲ್ಲ, ಕೊಟ್ಟ ಮಾತು ಮಾತೇ.

ಕೆಲವು ತಿಂಗಳಾದ ಮೇಲೆ ಶೋರೂಮಿನ ಮಾಲೀಕರು ಆಸ್ಪತ್ರೆಗೇ ಫೋನ್ ಮಾಡಿದರು. ಬಂದವರೆಲ್ಲ ದನದ ಡಾಕ್ಟರ ರೇಟು ಕೊಡಿ ಎಂದು ಕೇಳುತ್ತಾರೆ, ನಾನು ಅಂಗಡಿ ಮುಚ್ಚಬೇಕಾ ಎಂದು ಬೇಸರದಿಂದ ಕೇಳಿದರು. ಎಲ್ಲರಿಗೂ ಒಂದೇ ರೇಟು ಎಂದು ಬಾಗಿಲಲ್ಲೇ ಬೋರ್ಡು ಹಾಕಿಬಿಡಿ, ಆಗ ಯಾರೂ ನನ್ನ ಹೆಸರು ಹೇಳುವುದಿಲ್ಲ ಎಂದೆ. ಅವರು ಫೋನಿಟ್ಟರು. ಬೋರ್ಡನ್ನೇನೂ ಹಾಕಲಿಲ್ಲ. ಅಂಗಡಿಯೂ ಮುಚ್ಚಲಿಲ್ಲ, ಚೆನ್ನಾಗಿಯೇ ನಡೆಯಿತು.

ಆ ವರ್ಷದ ಕೊನೆಯಲ್ಲಿ ಬಾಣಾವರದಿಂದ ಪ್ರೈಮರಿ ಶಾಲೆಯ ಟೀಚರ್ ದಂಪತಿಗಳು ನನ್ನನ್ನು ಹುಡುಕಿಕೊಂಡು ಬಂದರು. ನಮ್ಮವರೇ. ಹೆಂಡತಿ ಗಟ್ಟಿಗಿತ್ತಿ, ಪ್ರಶ್ನೆಗಳನ್ನೆಲ್ಲ ಅವಳೇ ಕೇಳಿದಳು. ಜೊತೆಗೆ ಬರಲೇ ಎಂದದ್ದಕ್ಕೆ ಬೇಡ ಮೇಡಂ, ನಾವೇ ಹೋಗುತ್ತೇವೆ ಎಂದಳು. ಅವರು ನನ್ನ ರೇಟಿನಿಂದ ಚೌಕಾಸಿ ಶುರು ಮಾಡಿದರಂತೆ. ಅಲ್ಲಿಂದ ಇನ್ನೂ ಕೆಳಕ್ಕೆ ಎಳೆದು, ಮೇಲೆ ಒಂದು ಟೇಪ್ ರೆಕಾರ್ಡರನ್ನೂ ಹಾಕಿಸಿಕೊಂಡು ಬಂದರು.

ಸುದ್ದಿ ಕೇಳಿ ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಒಳಗೊಳಗೇ ಸ್ವಲ್ಪ ಉರಿಯಿತು. ಅರಸೀಕೆರೆಗೆ ಹೋದಾಗ ಅಪ್ಪನಿಗೆ ಹೇಳಿದೆ. ಅಪ್ಪ ಜಗಲಿಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಎಷ್ಟು ಕಮ್ಮಿ ಎಂದು ಕೇಳಿದ, ಹೇಳಿದೆ. ಕಡ್ಡಿ ಆರಿಸಿ ಯೋಚನೆ ಮಾಡಿದ.

"ಹಂಗಾರೆ ನಾವು ಸಾಯಂಕಾಲದ್ವರ್ಗೂ ಕೂತಿರ್ಬೇಕಿತ್ತು ಕಣವ್ವ," ಎಂದ.